ಮೂವತ್ತಾರು ಕಂತು, ಮೂರು ಸುಗ್ಗಿ

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆಯನ್ನು ಕೂಡುತ್ತಾಳೆ. ದಂಡೆಯ ಮೇಲೆ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಅದರ ತಳಪಾಯ ಪಿರಮಿಡ್ಡಿನಂತೆ ಇಳಿಜಾರಾಗಿ ಎದ್ದು ನಿಂತಿರುವುದನ್ನು ನೋಡಲೆಂದೇ ದೂರದವರು ಬರುವುದುಂಟು. ಅಮಾವಾಸ್ಯೆಗೆ, ಹಬ್ಬಕ್ಕೆ ಸುತ್ತಲಿನ ಹಳ್ಳಿಗಳ ಜನ ಹೊಳೆಗೆ ಬರುತ್ತಾರೆ. ಹಿಂದೆ ಚಕ್ಕಡಿ ಬಿಡುತ್ತಿದ್ದ ಜಾಗದಲ್ಲಿ ಈಗ ಮೋಟಾರು ಸೈಕಲ್ಲುಗಳ ಸಾಲು. ಆ ಸಾಲಿನಲ್ಲಿ ಒಂದೆರಡು ಗಾಡಿಗಳ ಸುತ್ತ ಮಾತ್ರ ಹುಡುಗರ ಗುಂಪು ಕಟ್ಟಿರುತ್ತದೆ. ಮುಂದಕ್ಕೆ ಬಾಗಿದ ಮೈ, ದಪ್ಪ ಹಿಂಗಾಲಿ, ಹಿಂದೆ ಕೂತವನಿಗೆ ಅಂಗೈಯಗಲದ ಸೀಟು. ಬೆಲೆ ಕೇಳಿದರೆ ಎರಡೂವರೆ ಲಕ್ಷ, ಮೂರು ಲಕ್ಷ! ಕಾರಿನವರಾದರೆ ಅದರ ನಾಲ್ಕೈದು ಪಟ್ಟು.

ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರು ಈ ಸೀಮೆಯ ಹುಡುಗರ ಮೊಬೈಲಿನಲ್ಲಷ್ಟೇ ಓಡುತ್ತದೆ. ಮನೆಯ ಅಂಗಳದಲ್ಲಿ ಜಗಳ ಹಚ್ಚುವುದು ಈ ಮೂರು ಲಕ್ಷದ ಬೈಕು. ಮಗ ಡಿಗ್ರಿಯ ಎರಡನೇ ವರ್ಷದಲ್ಲಿದ್ದಾನೆ, ಇಲ್ಲವೇ ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ. 'ವಯಸ್ಸಿನಾಗ ತಗೊಳ್ಳದ ಮತ್ತ ಮುಪ್ಪಿನಾಗ ತಗೊಳ್ಳೂದೇನು?' ಎಂಬುದು ಅವನ ವಾದ. ಅಪ್ಪನ ಹತ್ತಿರ ಉತ್ತರ ಇಲ್ಲವೆಂದಲ್ಲ, ಆದರೆ ಸಿಟ್ಟು ಮೊದಲು ಬರುತ್ತದೆ. ಅವ್ವ ನಡುವೆ ನಿಂತು ಇಬ್ಬರಿಗೂ ಊಟಕ್ಕೆ ಕರೆಯುತ್ತಾಳೆ.

ಹುಡುಗನ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ಸರಿಯಲ್ಲ. ಇಪ್ಪತ್ತೆರಡರ ಗಾಳಿ ಐವತ್ತಕ್ಕೆ ಮುಖಕ್ಕೆ ಹೊಡೆಯುವುದಿಲ್ಲ. ಇವತ್ತು ಬೈಯುವ ಅಪ್ಪಂದಿರೂ ತಮ್ಮ ಹರೆಯದಲ್ಲಿ ಗಾಡಿಯ ಹಿಂದೆ ಬಿದ್ದವರೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ಗಾಡಿಗಳನ್ನು ಕೊಟ್ಟಿತು. ಅದರ ಸದ್ದನ್ನು ಓಣಿಯ ತಿರುವಿನಲ್ಲೇ ಗುರುತು ಹಿಡಿಯುತ್ತಿದ್ದರು. 1985ರಲ್ಲಿ ಯಮಾಹ ಆರ್‌ಎಕ್ಸ್ 100 ಬಂದಾಗ ಎಷ್ಟು ಜನ ಹುಚ್ಚರಾದರು! 1996ರಲ್ಲಿ ಮೈಸೂರಿನ ಕಾರ್ಖಾನೆಯೂ ಮುಚ್ಚಿತು, ಆರ್‌ಎಕ್ಸ್ 100 ಕೂಡ ನಿಂತಿತು. ಹುಚ್ಚು ನಿಲ್ಲಲಿಲ್ಲ. ಹಳೆಯ ಆರ್‌ಎಕ್ಸ್‌ಗೆ ಇವತ್ತಿಗೂ ಗಿರಾಕಿಗಳಿದ್ದಾರೆ.

ಅದಕ್ಕೂ ಹಿಂದಿನ ಹುಚ್ಚು ಬೇಕೆಂದರೆ ದೀಪಾವಳಿಗೆ ಹಾವೇರಿ ಸೀಮೆಗೆ ಬನ್ನಿ. ಬಲಿಪಾಡ್ಯಮಿಯಿಂದ ಶುರುವಾಗುವ ಹೋರಿ ಹಬ್ಬದಲ್ಲಿ ಮೈತುಂಬ ಜೂಲ, ಬಲೂನು, ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಜನರ ನಡುವಿನಿಂದ ಬಾಣದಂತೆ ಹೋಗುತ್ತದೆ. ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಹೋರಿಗೆ ಸಿನಿಮಾ ನಟನಿಗಿದ್ದಂತೆ ಹೆಸರು, ಅಭಿಮಾನಿಗಳು, ಬ್ಯಾನರು. ಲಕ್ಷಗಟ್ಟಲೆ ಕೊಟ್ಟು ಹೋರಿ ತರುವ ತರುಣರಿದ್ದಾರೆ. ಹೊಲ ಉಳದ, ಗಾಡಿ ಎಳೆಯದ, ವರ್ಷವಿಡೀ ಹುರುಳಿ, ಹತ್ತಿಕಾಳು, ಹಿಂಡಿ ತಿನ್ನುವ ಆ ಪ್ರಾಣಿ ಒಂದು ಲೆಕ್ಕದಲ್ಲಿ ನಮ್ಮ ಸೀಮೆಯ ಸ್ಪೋರ್ಟ್ಸ್ ಕಾರೇ ಅಲ್ಲವೇ? ಈ ಸ್ಪರ್ಧೆಗಳಲ್ಲಿ ಬಹುಮಾನವಾಗಿ ಕೊಡುವುದೂ ಎಷ್ಟೋ ಕಡೆ ಬೈಕನ್ನೇ.

ಆದರೆ ಒಂದು ವ್ಯತ್ಯಾಸವನ್ನು ಹುಡುಗರು ಗಮನಿಸಬೇಕು. ಹೋರಿ ಕೊಳ್ಳುವವರು ಸಾಮಾನ್ಯವಾಗಿ ಕೈಯಲ್ಲಿ ದುಡ್ಡಿದ್ದಾಗ ಕೊಳ್ಳುತ್ತಾರೆ, ಗೆಳೆಯರು ಪಾಲು ಹಾಕುತ್ತಾರೆ, ಮೇವು ಹೊಲದಿಂದ ಬರುತ್ತದೆ. ಸುಗ್ಗಿ ಕೆಟ್ಟ ವರ್ಷ ಹೋರಿಯ ಮಾತೇ ಎತ್ತುವುದಿಲ್ಲ. ಬೈಕಿನ ಕಥೆ ಹಾಗಲ್ಲ. ಅದು ಕಂತಿನ ಮೇಲೆ ಬರುತ್ತದೆ, ಮತ್ತು ಕಂತಿಗೆ ಸುಗ್ಗಿ ಗೊತ್ತಿಲ್ಲ.

ಕಂತಿನ ಲೆಕ್ಕ

ಒಂದು ಲೆಕ್ಕ ಹಾಕೋಣ. ಪೆನ್ನು, ಕಾಗದ ಹಿಡಿದು ತಂದೆ ಮಗ ಇಬ್ಬರೂ ಕೂತರೆ ಒಳ್ಳೆಯದು.

ಅಂಗಡಿಯಲ್ಲಿ ಬರೆದ ಬೆಲೆ 2.40 ಲಕ್ಷ ರೂಪಾಯಿ ಎನ್ನಿ. ಕರ್ನಾಟಕದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ದ್ವಿಚಕ್ರ ವಾಹನಕ್ಕೆ ಜೀವಿತಾವಧಿ ತೆರಿಗೆ ಶೇಕಡಾ 18. ಅಂದರೆ 43,200 ರೂಪಾಯಿ. ಅದರ ಮೇಲೆ ಉಪಕರ ಬೇರೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕೆಂಬ ನಿಯಮ 2018ರಿಂದ ಇದೆ. 150ರಿಂದ 350 ಸಿಸಿಯ ಗಾಡಿಗೆ 2022ರಲ್ಲಿ ಗೊತ್ತುಪಡಿಸಿದ ದರ 7,365 ರೂಪಾಯಿ. ಗಾಡಿಗೇ ಪೆಟ್ಟಾದರೆ ಸಿಗುವ ವಿಮೆ ಇದರಲ್ಲಿ ಸೇರಿಲ್ಲ, ಅದಕ್ಕೆ ಮತ್ತೆ ಹಣ. ಎಲ್ಲ ಕೂಡಿಸಿದರೆ ರಸ್ತೆಗಿಳಿಯುವ ಹೊತ್ತಿಗೆ ಮೂರು ಲಕ್ಷ. 350 ಸಿಸಿ ದಾಟಿದ ಗಾಡಿಯ ಮೇಲಂತೂ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೇ ಶೇಕಡಾ 40 ಆಗಿದೆ.

50 ಸಾವಿರ ಮುಂಗಡ ಕೊಟ್ಟು ಉಳಿದ ಎರಡೂವರೆ ಲಕ್ಷಕ್ಕೆ ಸಾಲ ಮಾಡಿದಿರಿ, ಮೂರು ವರ್ಷಕ್ಕೆ, ಶೇಕಡಾ 12ರ ಬಡ್ಡಿಗೆ. ಇಲ್ಲೊಂದು ಸೂಕ್ಷ್ಮವಿದೆ. ಬಡ್ಡಿ ಉಳಿದ ಅಸಲಿನ ಮೇಲೆ ಮಾತ್ರವಾದರೆ ತಿಂಗಳ ಕಂತು ಸುಮಾರು 8,300 ರೂಪಾಯಿ, ಒಟ್ಟು ಬಡ್ಡಿ 49 ಸಾವಿರದ ಹತ್ತಿರ. ಅದೇ ಶೇಕಡಾ 12 'ಫ್ಲಾಟ್' ಎಂದಾದರೆ ಲೆಕ್ಕವೇ ಬೇರೆ. ಆಗ ನೀವು ಅಸಲು ತೀರಿಸುತ್ತ ಬಂದರೂ ಕೊನೆಯ ತಿಂಗಳವರೆಗೆ ಪೂರ್ತಿ ಎರಡೂವರೆ ಲಕ್ಷಕ್ಕೇ ಬಡ್ಡಿ ಕಟ್ಟುತ್ತೀರಿ. ಕಂತು 9,444, ಬಡ್ಡಿ 90 ಸಾವಿರ! ಬಾಯಲ್ಲಿ ಹನ್ನೆರಡು, ಕೈಯಿಂದ ಹೋಗುವುದು ಸುಮಾರು ಇಪ್ಪತ್ತೊಂದು. ಸಹಿ ಹಾಕುವ ಮೊದಲು 'ಇದು ಫ್ಲಾಟೋ, ಇಳಿಯುವ ಅಸಲಿನ ಮೇಲೋ?' ಎಂದು ಕೇಳುವುದಕ್ಕೆ ಬಿ.ಕಾಂ. ಓದಿರಬೇಕಾಗಿಲ್ಲ. ಆದರೂ ಬಿ.ಕಾಂ. ಓದುತ್ತಿರುವ ಹುಡುಗರೇ ಕೇಳದೆ ಸಹಿ ಹಾಕಿ ಬರುತ್ತಾರೆ. ಗಾಡಿಯ ಬಣ್ಣ ಕೆಂಪೋ ಕಪ್ಪೋ ಎಂಬುದಕ್ಕೆ ಮಾತ್ರ ಎರಡು ವಾರ ಯೋಚನೆ.

ಫ್ಲಾಟ್ ಸಾಲವಾದರೆ ಮೂರು ವರ್ಷದ ಕೊನೆಗೆ ಕೊಟ್ಟದ್ದು 3.90 ಲಕ್ಷ. ಅಷ್ಟೊತ್ತಿಗೆ ಗಾಡಿಗೆ ಏನು ಬೆಲೆ? ವಿಮೆಯವರ ಪಟ್ಟಿಯನ್ನೇ ನೋಡಿ. ಮೂರು ವರ್ಷ ದಾಟಿದ ವಾಹನಕ್ಕೆ ಅವರು ಶೇಕಡಾ 40 ಸವಕಳಿ ಕಳೆಯುತ್ತಾರೆ. ಅದೂ ಅಂಗಡಿಯ ಬೆಲೆಯ ಮೇಲೆ, ನೀವು ಕಟ್ಟಿದ ತೆರಿಗೆ ಅದರಲ್ಲಿ ಇಲ್ಲ. ಉಳಿಯುವುದು 1.44 ಲಕ್ಷ. ನಾಲ್ಕು ವರ್ಷ ದಾಟಿದರೆ ಅರ್ಧಕ್ಕೆ ಅರ್ಧ. ಮಾರಲು ಹೋದಾಗ ಸಿಗುವುದು ಕೊಳ್ಳುವವನ ಮರ್ಜಿ. ಅವನು ಮೊದಲು ನೋಡುವುದು ಗಾಡಿ ಎಷ್ಟು ಸಲ ಬಿದ್ದಿದೆ ಎಂಬುದನ್ನು.

ಇಷ್ಟೆಲ್ಲ ಆದ ಮೇಲೂ, ತಿಂಗಳಿಗೆ 35 ಸಾವಿರ ದುಡಿಯುವ, ಮನೆಯ ಹೊರೆ ಇಲ್ಲದ ತರುಣ 'ನನ್ನ ದುಡ್ಡು, ನನ್ನ ಖುಷಿ' ಎಂದರೆ ಯಾರೂ ಆಡಿಕೊಳ್ಳುವಂತಿಲ್ಲ. ಖುಷಿಗೂ ಬೆಲೆ ಇದೆ, ಅದನ್ನು ಅವನು ಕೊಡುತ್ತಿದ್ದಾನೆ. ತೊಡಕಿರುವುದು ನಮ್ಮ ಭಾಗದ ಹೆಚ್ಚಿನ ಮನೆಗಳಲ್ಲಿ ಕಂತು ಕಟ್ಟುವವನು ಗಾಡಿ ಹತ್ತುವವನಲ್ಲ ಎಂಬುದರಲ್ಲಿ.

ಬ್ಯಾಡಗಿಯ ಸೋಮವಾರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಮನೆಗಳಿಗೆ ದುಡ್ಡು ಬರುವ ರೀತಿ ಬೇರೆ. ಮುಂಗಾರಿಗೆ ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಗೋವಿನಜೋಳ ಒಂದಿಷ್ಟು ಬೇಗ ಕೈಗೆ ಬರುತ್ತದೆ. ಮೆಣಸಿನಕಾಯಿ ಕೊಯ್ದು ಒಣಗಿಸಿ ಬ್ಯಾಡಗಿ ಪೇಟೆಗೆ ತರುವುದು ಚಳಿಗಾಲ ಕಳೆಯುವ ಹೊತ್ತಿಗೆ. ಅದೇ ಆ ಮನೆಯ ದೊಡ್ಡ ಹಣ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣಕ್ಕೆ ಹೆಸರಿದೆ, ದೇಶ ದಾಟಿದ ಕೀರ್ತಿ ಇದೆ. ದರದ ಭರವಸೆ ಮಾತ್ರ ಇಲ್ಲ.

2024ರ ಮಾರ್ಚ್ 11 ಸೋಮವಾರ, ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ. ದರ ಏಕಾಏಕಿ ಕುಸಿದದ್ದನ್ನು ಕಂಡ ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಗೆ ಕಲ್ಲು ಬಿದ್ದವು, ವಾಹನಗಳು ಸುಟ್ಟು ಹೋದವು. ಆ ದಿನದ ತಪ್ಪು-ಒಪ್ಪುಗಳ ಚರ್ಚೆ ಇಲ್ಲಿ ಬೇಡ. ಆ ರಾತ್ರಿ ಚೀಲ ಮಾರದೆಯೋ, ಸಿಕ್ಕ ದರಕ್ಕೆ ಮಾರಿಯೋ ಮನೆಗೆ ಬಂದ ಒಬ್ಬ ರೈತನನ್ನು ನೆನೆಯಿರಿ. ಗೊಬ್ಬರದ ಅಂಗಡಿಯ ಬಾಕಿಯವರಿಗೆ 'ಇನ್ನೊಂದು ತಿಂಗಳು ತಡೀರಿ' ಎನ್ನಬಹುದು. ಬೀಗರಿಗೆ 'ಮದುವೆ ಮುಂದಿನ ವರ್ಷ ಮಾಡೋಣ' ಎನ್ನಬಹುದು. ಮಗನ ಬೈಕಿನ ಕಂತಿಗೆ ಹಾಗೆನ್ನಲು ಬರುವುದಿಲ್ಲ. ಐದನೇ ತಾರೀಖು ಎಂದರೆ ಐದನೇ ತಾರೀಖು, ತಪ್ಪಿದರೆ ದಂಡ.

ಮೂರು ವರ್ಷದ ಸಾಲಕ್ಕೆ ಕಂತು ಮೂವತ್ತಾರು. ಅದೇ ಮೂರು ವರ್ಷದಲ್ಲಿ ಮೆಣಸಿನಕಾಯಿಯ ಸುಗ್ಗಿ ಮೂರೇ. ಅದರಲ್ಲಿ ಒಂದಕ್ಕೆ ಮಳೆ ಕೈಕೊಟ್ಟು, ಇನ್ನೊಂದಕ್ಕೆ ದರ ಕೈಕೊಟ್ಟರೆ? ತಿಂಗಳ ಸಂಬಳದ ಮನೆಗೆ ಮಾಡಿದ ಅಂಗಿ ಇದು, ಸುಗ್ಗಿಯ ಮನೆಗೆ ಹೊಂದುವುದಿಲ್ಲ. ಬೆಂಗಳೂರಿನ ಹುಡುಗ ಅದೇ ಗಾಡಿ ಅದೇ ಕಂತಿಗೆ ಕೊಂಡು ಹಾಯಾಗಿರಬಹುದು. ಅವನನ್ನು ನೋಡಿ ಗುತ್ತಲ ಹೋಬಳಿಯ ಹುಡುಗ ಕೊಂಡರೆ ಅಪ್ಪ ಕೈಗಡಕ್ಕೆ ಓಡಾಡಬೇಕಾಗುತ್ತದೆ.

ಇನ್ನೂ ಒಂದು ಸಂಗತಿ ಇದೆ. ಸಹಕಾರ ಸಂಘಗಳ ಮೂಲಕ ರೈತರಿಗೆ ಕೊಡುವ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಿತು. ಅವಧಿಯೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ಬೆಳೆಸಾಲ ಕಟ್ಟಲು ಎತ್ತಿಟ್ಟ ದುಡ್ಡು ಗಾಡಿಯ ಕಂತಿಗೆ ಹೋಯಿತೆನ್ನಿ. ಆಗ ಬಡ್ಡಿಯೇ ಇಲ್ಲದ ಸಾಲಕ್ಕೂ ಬಡ್ಡಿ ಹುಟ್ಟುತ್ತದೆ, ಇಪ್ಪತ್ತೊಂದು ಪರ್ಸೆಂಟಿನ ಸಾಲವೂ ನಿಲ್ಲುವುದಿಲ್ಲ.

ಜಾಮೀನು ಸಹಿ ಹಾಕುವ ಪಾಲಕರು ತಿಳಿದಿರಬೇಕಾದದ್ದೂ ಇದೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದ ಹೊರತು, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. 'ನಾ ಬರೇ ಸಹಿ ಮಾಡೇನಿ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕಂತು ತಪ್ಪಿದ್ದು ಇಬ್ಬರ ಸಾಲದ ದಾಖಲೆಯಲ್ಲೂ ಕೂರಬಹುದು. ನಾಳೆ ಮಗಳ ಇಂಜಿನಿಯರಿಂಗೋ ನರ್ಸಿಂಗೋ ಓದಿಗೆ ಶಿಕ್ಷಣ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಜಂಟಿ ಸಾಲಗಾರನಾದ ಅಪ್ಪನ ಅದೇ ದಾಖಲೆಯನ್ನು ತೆರೆಯುತ್ತಾರೆ. ಅಣ್ಣನ ಬೈಕಿನ ಕಂತು ತಂಗಿಯ ಸೀಟಿಗೆ ಅಡ್ಡ ಬರುವುದು ಹೀಗೆ. ಈ ಲೆಕ್ಕವನ್ನು ಯಾವ ಶೋರೂಮಿನ ಪಟ್ಟಿಯೂ ತೋರಿಸುವುದಿಲ್ಲ.

ಪಾಲಕರೂ ಕಮ್ಮಿ ಇಲ್ಲ

ಎಲ್ಲ ತಪ್ಪನ್ನೂ ಹುಡುಗರ ತಲೆಗೆ ಕಟ್ಟುವುದು ನ್ಯಾಯವಲ್ಲ. 'ಎಸ್ಸೆಸ್ಸೆಲ್ಸಿಯಾಗ ಎಂಬತ್ತೈದು ತಗೀ, ಗಾಡಿ ಕೊಡಸ್ತೀನಿ' ಎಂದು ಮೊದಲು ಆಸೆ ಹಚ್ಚಿದವರು ಯಾರು? ಹದಿನಾರರ ಹುಡುಗನಿಗೆ ಗಾಡಿಯ ಕೀಲಿ ಕೊಟ್ಟು ಬಾಗಿಲಲ್ಲಿ ನಿಂತು ಸಂತೋಷಪಟ್ಟವರು ಯಾರು? ಕಾನೂನಿನ ಪ್ರಕಾರ ಹದಿನಾರು ತುಂಬಿದವರು 50 ಸಿಸಿ ಮೀರದ ವಾಹನವನ್ನಷ್ಟೇ ಲೈಸೆನ್ಸ್ ಪಡೆದು ಓಡಿಸಬಹುದು. ಉಳಿದದ್ದಕ್ಕೆಲ್ಲ ಹದಿನೆಂಟು ಆಗಲೇಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 199ಎ ಕಲಮು ಇನ್ನೂ ಖಡಕ್ಕಾಗಿದೆ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ, ಆ ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಲೈಸೆನ್ಸ್ ಇಲ್ಲದೆ ಓಡಿಸಿ ಗಾಡಿ ಜಖಂ ಮಾಡಿಕೊಂಡರೆ ಆ ನಷ್ಟಕ್ಕೆ ವಿಮೆಯ ದುಡ್ಡೂ ಬರುವುದಿಲ್ಲ.

ಹೆಣ್ಣು ನೋಡುವ ಶಾಸ್ತ್ರದಲ್ಲೂ ಗಾಡಿ ನುಗ್ಗಿದೆ. ಹೊಲ ಎಷ್ಟೆಕರೆ ಎಂದು ಕೇಳಿದ ಮೇಲೆ 'ಹುಡುಗ ಗಾಡಿ ಯಾವುದು ಇಟ್ಟಾನ?' ಎಂಬ ಪ್ರಶ್ನೆ. ಗಾಡಿಯ ಮೇಲೆ ಸಾಲ ಎಷ್ಟಿದೆ ಎಂದು ಕೇಳುವ ಬೀಗರು ಕಡಿಮೆ. ಅದನ್ನು ತಿಳಿಯಬೇಕೆಂದರೆ ಆರ್‌ಸಿ ನೋಡಿದರೆ ಸಾಕು, ಸಾಲ ಕೊಟ್ಟವರ ಹೆಸರು ಅದರಲ್ಲೇ ಇರುತ್ತದೆ!

ಇನ್ನು ವೇಗದ ವಿಷಯ. ನಮ್ಮ ಸೀಮೆಯ ನಡುವೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗಿದೆ. ನುಣ್ಣಗಿನ ರಸ್ತೆ, ಕೈಯಲ್ಲಿ ಅಂಥ ಗಾಡಿ. ತಿರುವುವುದು ಬೇಡವೆಂದರೂ ಕೈ ತಿರುವುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ಇಳಿದರೆ ಹಂಪು, ಎಮ್ಮೆ, ರಸ್ತೆಯ ಮೇಲೆ ಒಣಹಾಕಿದ ಗೋವಿನಜೋಳ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ನೂರಕ್ಕೆ 71 ಸಾವುಗಳಿಗೆ ಅತಿವೇಗವನ್ನು ಕಾರಣವಾಗಿ ಸರ್ಕಾರದ ವರದಿಯೇ ಬರೆದಿದೆ. ಅವ್ವಂದಿರು ಗಾಡಿ ಬೇಡ ಎನ್ನುವುದು ದುಡ್ಡಿನ ಲೆಕ್ಕಕ್ಕಲ್ಲ ಎಂಬುದನ್ನು ಹುಡುಗರು ಬೇಗ ತಿಳಿದುಕೊಂಡರೆ ಒಳ್ಳೆಯದು.

ಕಾರನ್ನೇ ದುಡಿಸಿದವರು

ದುಬಾರಿ ಗಾಡಿ ಕೊಂಡವರೆಲ್ಲ ಕೆಟ್ಟರೆಂದು ಹೇಳುವಂತಿಲ್ಲ. ಬೆಂಗಳೂರಿನ ರಮೇಶ್ ಬಾಬು ಅವರ ಹೆಸರನ್ನು ಬಹಳ ಜನ ಕೇಳಿರಬಹುದು. ತಂದೆಯದು ಬ್ರಿಗೇಡ್ ರಸ್ತೆಯಲ್ಲಿ ಕ್ಷೌರದಂಗಡಿ. 1979ರಲ್ಲಿ ತಂದೆ ತೀರಿಕೊಂಡಾಗ ಇವರು ಇನ್ನೂ ಚಿಕ್ಕ ಹುಡುಗ, ತಾಯಿ ಮನೆಗೆಲಸ ಮಾಡಿ ಸಾಕಿದರು. 1993ರಲ್ಲಿ ಹರೆಯದ ಆಸೆಗೆ ಬಿದ್ದು ಅವರೂ ಸಾಲ ಮಾಡಿ ಮಾರುತಿ ಓಮ್ನಿ ವ್ಯಾನು ಕೊಂಡರು, ಕಂತು ಕಟ್ಟಲಾಗದೆ ಒದ್ದಾಡಿದರು. ಆಗ ತಾಯಿ ಕೆಲಸ ಮಾಡುತ್ತಿದ್ದ ಮನೆಯವರ ಸಲಹೆಯಂತೆ ವ್ಯಾನನ್ನು ಬಾಡಿಗೆಗೆ ಬಿಟ್ಟರು. ನಿಂತ ಗಾಡಿ ದುಡಿಯತೊಡಗಿತು. ಒಂದರಿಂದ ಎರಡು, ಎರಡರಿಂದ ಹತ್ತು. 2004ರಲ್ಲಿ ಮರ್ಸಿಡಿಸ್ ಬೆಂಜ್ ಬಂತು, 2011ರಲ್ಲಿ ಮೂರು ಕೋಟಿ ದಾಟಿದ ರೋಲ್ಸ್ ರಾಯ್ಸ್. ಅದನ್ನೂ ಬಾಡಿಗೆಗೇ ಬಿಟ್ಟರು. ರೋಲ್ಸ್ ರಾಯ್ಸ್ ಕೊಂಡ ಮೇಲೂ ಅಂಗಡಿಯಲ್ಲಿ ಕತ್ತರಿ ಹಿಡಿದು ಕ್ಷೌರ ಮಾಡುವುದನ್ನು ಬಿಡಲಿಲ್ಲ. ಈ ಕಥೆಯನ್ನು 'ಸಾಲ ಮಾಡಿ ಕಾರು ಕೊಂಡರೆ ಕೋಟ್ಯಧೀಶರಾಗಬಹುದು' ಎಂದು ಓದುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಓಮ್ನಿ ಬಾಗಿಲಲ್ಲಿ ನಿಂತಿದ್ದ ಆ ಮೊದಲ ತಿಂಗಳುಗಳು. ಬಾಡಿಗೆಯ ಉಪಾಯ ಹೊಳೆಯದೆ ಹೋಗಿದ್ದರೆ ವ್ಯಾನು ಹೋಗುತ್ತಿತ್ತು, ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ದುಡಿಯದ ಐಷಾರಾಮಿ ಕಾರು ಎಂಥವರಿಗೂ ಭಾರ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡಾ 18. 2025ರ ಜುಲೈನಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಮಹಾರಾಷ್ಟ್ರದ ನೋಂದಣಿಯಿದ್ದ ಒಂದು ಫೆರಾರಿ ಕಾರಿನಿಂದ ವಸೂಲು ಮಾಡಿದ್ದು ಸುಮಾರು 1.42 ಕೋಟಿ ರೂಪಾಯಿ! ಕೋಟಿಗಳ ಕಾರು ಕೊಳ್ಳುವವರಿಗೂ ತೆರಿಗೆ ಕಟ್ಟುವಾಗ ಕೈ ಹಿಡಿದುಕೊಳ್ಳುತ್ತದೆ ಎಂದಾಯಿತು.

ಗಳಗನಾಥಕ್ಕೇ ವಾಪಸು ಬರೋಣ. ಆ ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ತಾವೇ ಬರೆದ ಪುಸ್ತಕಗಳ ಗಂಟು ಹೊತ್ತು ಊರೂರು ನಡೆದು ಮಾರಿದರೆಂದು ಕನ್ನಡದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಇದನ್ನು ಮಗನಿಗೆ ಹೇಳಿ 'ನೀನೂ ನಡಿ' ಎನ್ನುವ ಅಪ್ಪನ ಮಾತು ನಡೆಯುವುದಿಲ್ಲ. ಬಸ್ಸು ಎರಡು ತಾಸಿಗೊಂದು ಬರುವ ಹಳ್ಳಿಯಿಂದ ಹಾವೇರಿಯ ಕಾಲೇಜಿಗೆ ಹೋಗುವವನಿಗೆ, ರಾಣೆಬೆನ್ನೂರಿಗೆ ಕೆಲಸಕ್ಕೆ ಹೋಗುವವಳಿಗೆ ಗಾಡಿ ಬೇಕೇ ಬೇಕು. ನೂರು, ನೂರಿಪ್ಪತ್ತೈದು ಸಿಸಿಯ ಗಾಡಿ ಲೀಟರಿಗೆ ಐವತ್ತು-ಅರವತ್ತು ಕಿಲೋಮೀಟರು ಓಡುತ್ತದೆ, ಹಿಂದೆ ಅವ್ವ ಕೂರಬಹುದು, ಗೊಬ್ಬರದ ಚೀಲವೂ ಕೂರುತ್ತದೆ. ಮೂರು ಲಕ್ಷದ ಗಾಡಿಯ ಸೀಟಿನಲ್ಲಿ ಚೀಲ ಹಾಗಿರಲಿ, ಅವ್ವ ಕೂರುವುದೇ ಕಷ್ಟ.

ಆದರೂ ಮನಸ್ಸು ಆ ದೊಡ್ಡ ಗಾಡಿಯನ್ನೇ ಬೇಡುತ್ತಿದ್ದರೆ? ಕಂತನ್ನು ಮೊದಲು ಕಟ್ಟಲು ಶುರುಮಾಡಿ, ಗಾಡಿ ಆಮೇಲೆ ತನ್ನಿ. ತಿಂಗಳಿಗೆ ಎಂಟೂವರೆ ಸಾವಿರ ಬೇಡ, ಐದು ಸಾವಿರವನ್ನೇ ಅಂಚೆ ಕಚೇರಿಯ ಆರ್‌ಡಿಯಲ್ಲಿ ಸ್ವಂತ ದುಡಿಮೆಯಿಂದ ಹಾಕುತ್ತ ಬನ್ನಿ. ಶೇಕಡಾ 6.7ರ ಬಡ್ಡಿಗೆ ಐದು ವರ್ಷಕ್ಕೆ ಅದು ಸುಮಾರು 3.56 ಲಕ್ಷ ರೂಪಾಯಿ ಆಗುತ್ತದೆ. ಆರು ತಿಂಗಳು ತಪ್ಪದೆ ಕಟ್ಟಲು ಆದರೆ ನಿಮ್ಮ ಕೈಗೆ ಶಕ್ತಿ ಇದೆ. ಮೂರನೇ ತಿಂಗಳಿಗೇ 'ಅಪ್ಪಾ, ಈ ಸಲ ನೀ ತುಂಬು' ಎಂದರೆ ಉತ್ತರ ಸಿಕ್ಕಂತಾಯಿತು, ಮತ್ತು ಅದಕ್ಕೆ ನಯಾಪೈಸೆ ನಷ್ಟವಾಗಲಿಲ್ಲ. ಇಪ್ಪತ್ತೇಳಕ್ಕೆ ಪೂರ್ತಿ ನಗದು ಕೊಟ್ಟು ಗಾಡಿ ತಂದವನ ಅಪ್ಪ ಬೈಯುವುದಿಲ್ಲ, ಊರಿನವರಿಗೆ ತಾನೇ ಕರೆದು ತೋರಿಸುತ್ತಾನೆ.

ಅಷ್ಟು ವರ್ಷ ತಡೆಯಲಾಗದವರಿಗೆ ಮತ್ತೊಂದು ದಾರಿ ಇದೆ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಇಂಥ ಬೈಕುಗಳು, ಕಾರುಗಳು ದಿನದ ಬಾಡಿಗೆಗೆ ಸಿಗುತ್ತವೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರು ಇದ್ದರೆ ಅದು ಪರವಾನಗಿ ಇರುವ ಬಾಡಿಗೆ ಗಾಡಿ, ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಕೊಡುವವರನ್ನು ನಂಬಬೇಡಿ. ಲೈಸೆನ್ಸ್ ತೋರಿಸಿ, ಹೆಲ್ಮೆಟ್ ಹಾಕಿಕೊಂಡು, ಗಾಡಿಯ ಮೇಲೆ ಮೊದಲೇ ಇರುವ ಗೀರುಗಳ ಫೋಟೋ ತೆಗೆದುಕೊಂಡು, ಒಂದು ದಿನ ಮನಸಾರೆ ಓಡಿಸಿ ಬನ್ನಿ. ಸಂಜೆ ಕೀಲಿ ಅವರ ಕೈಗೆ ಕೊಟ್ಟು ಹುಬ್ಬಳ್ಳಿ ಕಡೆಯ ಬಸ್ಸು ಹತ್ತಿದರೆ ಬೆಳಗಿನ ಹೊತ್ತಿಗೆ ಹಾವೇರಿಯಲ್ಲಿ ಇಳಿಯಬಹುದು.